‘ನೀವು ಯಾರ ಪೈಕಿ?’: ಕೆಲಸ ಕೇಳಲು ಹೋದವರಿಗೆ ಕೇಳಬಾರದ ಪ್ರಶ್ನೆಗಳು

ಕೂಡ್ಲಿಗಿಯೋ ಕೊಟ್ಟೂರೋ, ಹಗರಿಬೊಮ್ಮನಹಳ್ಳಿಯೋ ಹಡಗಲಿಯೋ ಹರಪನಹಳ್ಳಿಯೋ, ಬಸ್ ಸ್ಟ್ಯಾಂಡ್ ಹತ್ತಿರದ ಯಾವುದಾದರೂ ಜೆರಾಕ್ಸ್ ಅಂಗಡಿಗೆ ಹೋಗಿ ‘ಒಂದು ಬಯೋಡೇಟಾ ಮಾಡಿಕೊಡಿ’ ಅಂತ ಕೇಳಿ. ಸಾಮಾನ್ಯವಾಗಿ ಕಂಪ್ಯೂಟರ್‌ನಲ್ಲಿ ಹಳೇ ಫೈಲೊಂದು ಇದ್ದೇ ಇರುತ್ತೆ. ಹಿಂದಿನವರ ಹೆಸರು ಅಳಿಸಿ ನಿಮ್ಮ ಹೆಸರು ಹಾಕ್ತಾರೆ. ಅದರ ಕೆಳಗೆ ಸಾಲಾಗಿ ತಂದೆಯ ಹೆಸರು, ಹುಟ್ಟಿದ ದಿನಾಂಕ, ಧರ್ಮ, ಜಾತಿ, ಮದುವೆ ಆಗಿದೆಯೇ ಇಲ್ಲವೇ. ನೀವು ಓದಿದ್ದು, ಕಲಿತದ್ದು ಎಲ್ಲಾ ಆಮೇಲೆ. ಇದನ್ನು ಹೀಗೇ ಬರೆಯಬೇಕು ಅಂತ ಯಾವ ಕಾನೂನೂ ಹೇಳಿಲ್ಲ, ಯಾವ ಕಂಪನಿಯೂ ಕೇಳಿಲ್ಲ. ಆದರೂ ಬಿಎಸ್ಸಿ ನರ್ಸಿಂಗ್ ಮುಗಿಸಿದ ಹುಡುಗಿ, ಡಿಪ್ಲೊಮಾ ಮಾಡಿದ ಹುಡುಗ, ಯಾರೂ ಕೇಳುವ ಮೊದಲೇ ಎಲ್ಲವನ್ನೂ ಒಪ್ಪಿಸಿಬಿಡುತ್ತಾರೆ.

ಒಪ್ಪಿಸದೇ ಇದ್ದರೂ ಪ್ರಶ್ನೆ ತಪ್ಪಲ್ಲ. ಖಾಸಗಿ ಶಾಲೆ, ನರ್ಸಿಂಗ್ ಹೋಮ್, ಬಟ್ಟೆ ಅಂಗಡಿ, ಬೈಕ್ ಶೋರೂಮ್, ಫೈನಾನ್ಸ್ ಆಫೀಸು, ಎಲ್ಲಿ ಹೋದರೂ ಸಂದರ್ಶನ ಶುರುವಾಗುವುದು ಹೆಚ್ಚುಕಡಿಮೆ ಹೀಗೆ: ‘ಕುಂದ್ರಮ್ಮ. ಊರು ಯಾವ್ದು? ಯಾರ ಪೈಕಿ ನೀವು? ಅಪ್ಪ ಏನ್ ಮಾಡ್ತಾನ? ಮದ್ವಿ ಆಗೇತೇನು?’ ಕೇಳುವವರ ದನಿಯಲ್ಲಿ ದ್ವೇಷ ಇರಬೇಕೆಂದೇನಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರೂ ಇದನ್ನೇ ಕೇಳ್ತಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳ್ತಾರೆ. ವ್ಯತ್ಯಾಸ ಒಂದೇ. ಬಸ್ಸಿನಲ್ಲಿ ಉತ್ತರ ಹಿಡಿಸದಿದ್ದರೆ ಮುಖ ತಿರುಗಿಸಬಹುದು, ಸೀಟು ಕಿತ್ತುಕೊಳ್ಳಲು ಆಗಲ್ಲ. ಮೇಜಿನ ಆ ಕಡೆ ಕೂತವರಿಗೆ ಅದು ಆಗುತ್ತೆ.

ಹಾಗೆ ಕಿತ್ತುಕೊಂಡರು ಅಂತ ಸಾಬೀತು ಮಾಡುವುದು ಹೇಗೆ? ಇಡೀ ಸಮಸ್ಯೆ ಇಲ್ಲಿದೆ. ನಮ್ಮ ಕಾನೂನುಗಳು, ಎಲ್ಲಿ ಇವೆಯೋ ಅಲ್ಲಿ, ‘ಕೆಲಸ ಕೊಟ್ಟರೋ ಇಲ್ಲವೋ’ ಅನ್ನುವ ತೀರ್ಮಾನವನ್ನು ನೋಡುತ್ತವೆ. ಆ ತೀರ್ಮಾನಕ್ಕೆ ದಾರಿ ಮಾಡಿಕೊಟ್ಟ ಪ್ರಶ್ನೆಯನ್ನು ನೋಡುವುದಿಲ್ಲ. ತೀರ್ಮಾನಕ್ಕೆ ಕಾರಣ ಬರೆದು ಕೊಡುವವರು ಯಾರೂ ಇಲ್ಲ. ‘ಆಮೇಲೆ ಫೋನ್ ಮಾಡ್ತೀವಿ’ ಅನ್ನುವುದೇ ತೀರ್ಮಾನ.

ಸಂವಿಧಾನ ಎಲ್ಲಿಯವರೆಗೆ ಬರುತ್ತೆ?

ಸರ್ಕಾರಿ ಕೆಲಸದ ಮಟ್ಟಿಗೆ ಉತ್ತರ ಸುಲಭ. ಸಂವಿಧಾನದ 16(2)ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಸ್ಥಳ, ವಾಸಸ್ಥಳ ಇಷ್ಟರ ಕಾರಣಕ್ಕೆ ಸರ್ಕಾರಿ ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು ಅನ್ನುತ್ತದೆ. ಖಾಸಗಿಯವರ ವಿಷಯಕ್ಕೆ ಬಂದರೆ 15(2)ನೇ ವಿಧಿ ಇದೆ. ಅಂಗಡಿ, ಹೋಟೆಲ್, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇವುಗಳಿಗೆ ಯಾರನ್ನೂ ತಡೆಯುವಂತಿಲ್ಲ. ಅಂದರೆ ಅಂಗಡಿಗೆ ಗಿರಾಕಿಯಾಗಿ ಹೋಗುವ ಹಕ್ಕನ್ನು ಸಂವಿಧಾನ ಹೆಸರಿಟ್ಟು ಹೇಳಿದೆ. ಅದೇ ಅಂಗಡಿಗೆ ಕೆಲಸ ಕೇಳಿಕೊಂಡು ಹೋಗುವವರ ಬಗ್ಗೆ ಆ ವಿಧಿಯಲ್ಲಿ ಮಾತಿಲ್ಲ.

ಈ ಖಾಲಿ ಜಾಗವನ್ನು ಸಂಸತ್ತು ಒಂದೊಂದು ತೇಪೆ ಹಾಕುತ್ತಾ ಬಂದಿದೆ. ಮಹಿಳೆಯರಿಗೆ 1976ರ ಸಮಾನ ವೇತನ ಕಾಯ್ದೆ ಇತ್ತು. ಅದರ 5ನೇ ಸೆಕ್ಷನ್ ನೇಮಕಾತಿಯಲ್ಲೂ ತಾರತಮ್ಯ ಕೂಡದು ಅಂತಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಆ ಅಂಶ 2019ರ ವೇತನ ಸಂಹಿತೆಯ 3ನೇ ಸೆಕ್ಷನ್‌ನೊಳಗೆ ಹೋಗಿದೆ. ಹೋಗುವಾಗ ಹಲ್ಲು ಕಳಕೊಂಡಿದೆ. ಹಳೇ ಕಾಯ್ದೆಯಲ್ಲಿ ನೇಮಕಾತಿಯಲ್ಲಿ ತಾರತಮ್ಯ ಮಾಡಿದ ಮಾಲೀಕರಿಗೆ 10,000ದಿಂದ 20,000 ರೂಪಾಯಿ ದಂಡ ಅಥವಾ ಮೂರು ತಿಂಗಳಿಂದ ಒಂದು ವರ್ಷದ ಜೈಲು, ಅಥವಾ ಎರಡೂ ಆಗಬಹುದಿತ್ತು. ಹೊಸ ಸಂಹಿತೆಯಲ್ಲಿ ಮೊದಲ ತಪ್ಪಿಗೆ ಗರಿಷ್ಠ 20,000 ರೂಪಾಯಿ ದಂಡ, ಅಷ್ಟೇ. 1976ರ 10,000 ರೂಪಾಯಿಗೂ ಇವತ್ತಿನ 20,000ಕ್ಕೂ ಇರುವ ಬೆಲೆಯ ವ್ಯತ್ಯಾಸ ನೀವೇ ಲೆಕ್ಕ ಹಾಕಿ ಅಂತ ಹೇಳೋಣ ಅಂದರೆ, ಆ ದಂಡದ ಮೊತ್ತ ಕೂಡ 1976ರದ್ದಲ್ಲ, ಆಮೇಲೆ ತಿದ್ದುಪಡಿಯಲ್ಲಿ ಸೇರಿದ್ದು. ಇರಲಿ. ಜೈಲಿನ ಭಯ ಹೋಯಿತು ಅನ್ನುವುದಷ್ಟೇ ಇಲ್ಲಿ ಮುಖ್ಯ.

ಅಂಗವಿಕಲರಿಗೆ 2016ರ ಕಾಯ್ದೆ ಇದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಇದೆ. ನೇಮಕಾತಿಯಲ್ಲಿ ತಾರತಮ್ಯ ಕೂಡದು ಅಂತ ಅದು ಖಾಸಗಿ ಸಂಸ್ಥೆಗಳಿಗೂ ಹೇಳುತ್ತದೆ. ಎಚ್‌ಐವಿ ಸೋಂಕಿತರ 2017ರ ಕಾಯ್ದೆ ಇವೆಲ್ಲಕ್ಕಿಂತ ಗಟ್ಟಿ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವುದನ್ನೇ ಅದು ತಾರತಮ್ಯ ಅನ್ನುತ್ತದೆ. ಗಮನಿಸಿ, ಫಲಿತಾಂಶ ನೋಡಿ ಕೆಲಸ ಕೊಡದೇ ಇರುವುದು ಆಮೇಲಿನ ಮಾತು, ಕೇಳುವುದೇ ತಪ್ಪು. ಪ್ರಶ್ನೆಯ ಹಂತದಲ್ಲೇ ಹಿಡಿಯುವ ಕಾನೂನು ನಮ್ಮಲ್ಲಿ ಅಸಾಧ್ಯವೇನಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಪರಿಶಿಷ್ಟರಿಗೆ ಸಂಬಂಧಿಸಿ 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿ, ಇತರರಿಗೆ ಮುಕ್ತವಾಗಿರುವ ಉದ್ಯೋಗ, ವ್ಯಾಪಾರ ಮಾಡದಂತೆ ಅಡ್ಡಿ ಮಾಡುವುದನ್ನು ಅಪರಾಧ ಮಾಡಿದೆ. ಆದರೆ ‘ಯಾರ ಪೈಕಿ?’ ಅಂತ ಕೇಳಿ, ನಕ್ಕು, ಚಹಾ ಕೊಟ್ಟು ಕಳಿಸಿದವರ ಮೇಲೆ ಈ ಸೆಕ್ಷನ್ ಹಾಕಿಸಲು ಯಾವ ಠಾಣೆಗೆ ಹೋಗುತ್ತೀರಿ? ಇನ್ನು ಮುಸ್ಲಿಂ ಹುಡುಗ, ಹುಡುಗಿಯರಿಗೆ ಧರ್ಮದ ಕಾರಣಕ್ಕೆ ಖಾಸಗಿಯವರು ಕೆಲಸ ಕೊಡದಿದ್ದರೆ ಕೈ ಹಿಡಿಯುವ ಪ್ರತ್ಯೇಕ ಕೇಂದ್ರ ಕಾನೂನೇ ಇಲ್ಲ. ಸಾಚಾರ್ ಸಮಿತಿ 2006ರಲ್ಲೇ ಸಮಾನ ಅವಕಾಶ ಆಯೋಗ ಬೇಕು ಅಂದಿತ್ತು. ಶಶಿ ತರೂರ್ ಎಲ್ಲ ಬಗೆಯ ತಾರತಮ್ಯಕ್ಕೂ ಅನ್ವಯಿಸುವ ಖಾಸಗಿ ಮಸೂದೆಯನ್ನು 2017ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದರು. ಎರಡೂ ಅಲ್ಲಿಗೇ ನಿಂತವು.

ಫಾರಂನಲ್ಲಿದ್ದ ಆ ಕಾಲಂಗಳು

ಪ್ರಶ್ನೆಯನ್ನೇ ಪ್ರಶ್ನಿಸಿದವರು ನಮ್ಮಲ್ಲಿ ಇಲ್ಲದೇ ಇಲ್ಲ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಬರೆದುಕೊಡಬೇಕಾಯಿತು. ಮದುವೆಗೆ ಮೊದಲು ಮಹಿಳಾ ಅಧಿಕಾರಿ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು ಅನ್ನುವ ನಿಯಮವೇ ಇತ್ತು. ಬಡ್ತಿ ತಪ್ಪಿಸಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ತಮಾಷೆ ಅಂದರೆ ಅರ್ಜಿ ವಜಾ ಆಯಿತು. ಅಷ್ಟರಲ್ಲಿ ಸರ್ಕಾರ ಮುತ್ತಮ್ಮನವರಿಗೆ ಬಡ್ತಿ ಕೊಟ್ಟು, ನಿಯಮ ತೆಗೆಯುವುದಾಗಿಯೂ ಹೇಳಿಬಿಟ್ಟಿತ್ತು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ನೀರಾ ಮಾಥುರ್ ಪ್ರಕರಣ. ಅವರು 1989ರಲ್ಲಿ ಎಲ್‌ಐಸಿಗೆ ಪ್ರೊಬೇಷನರಿಯಾಗಿ ಸೇರಿದರು. ಹೆರಿಗೆ ರಜೆಗೆ ಹೋದರು, 1990ರಲ್ಲಿ ಕೆಲಸದಿಂದ ತೆಗೆದರು. ಎಲ್‌ಐಸಿ ಕೊಟ್ಟ ಕಾರಣ, ಸೇರುವಾಗ ತುಂಬಿದ ಫಾರಂನಲ್ಲಿ ಈಕೆ ಸುಳ್ಳು ಬರೆದಿದ್ದಾರೆ ಅಂತ. ಆ ಫಾರಂ ಮಹಿಳೆಯರನ್ನು ಏನೇನು ಕೇಳಿತ್ತು ಗೊತ್ತಾ? ಮುಟ್ಟು ಸರಿಯಾಗಿ ಆಗುತ್ತಾ, ಕೊನೇ ಸಲ ಮುಟ್ಟಾದ ದಿನಾಂಕ ಯಾವುದು, ಈಗ ಗರ್ಭಿಣಿಯೇ, ಗರ್ಭಪಾತ ಆಗಿತ್ತೇ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ. ಜಗನ್ನಾಥ ಶೆಟ್ಟಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 1991ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. ‘ಸುಳ್ಳು ಬರೆದರೋ ಇಲ್ಲವೋ’ ಅನ್ನುವ ಚರ್ಚೆಯಲ್ಲಿ ಕೋರ್ಟ್ ಸಿಕ್ಕಿಹಾಕಿಕೊಳ್ಳಲಿಲ್ಲ. ತಪ್ಪು ಇರುವುದು ಅಂಥ ಘೋಷಣೆ ಕೇಳಿದ್ದರಲ್ಲಿ, ಆ ಕಾಲಂಗಳು ಮುಜುಗರದವು ಮತ್ತು ಅವಮಾನಕರವಾದವು, ತೆಗೆದುಹಾಕಿ ಅಂದಿತು. ನೀರಾ ಮಾಥುರ್ ಕೆಲಸಕ್ಕೆ ವಾಪಸ್ ಬಂದರು.

ಕೇಳಬಾರದ ಪ್ರಶ್ನೆಗೆ ನಿಜ ಹೇಳಲೇಬೇಕು ಅನ್ನುವ ಕರಾರು ಇಲ್ಲ ಅನ್ನುವ ಈ ಹೊಳಹನ್ನು ಜರ್ಮನಿಯ ಕೋರ್ಟುಗಳು ಇನ್ನೂ ಮುಂದಕ್ಕೆ ಒಯ್ದಿವೆ. ಅಲ್ಲಿ ಸಂದರ್ಶನದಲ್ಲಿ ‘ನೀವು ಗರ್ಭಿಣಿಯೇ?’ ಅಂತ ಕೇಳಿದರೆ, ಆಗಿದ್ದರೂ ಅಲ್ಲ ಅನ್ನಬಹುದು. ಆ ಸುಳ್ಳಿನ ಕಾರಣ ಕೊಟ್ಟು ಆಮೇಲೆ ಕೆಲಸದಿಂದ ತೆಗೆಯಲು ಬರುವುದಿಲ್ಲ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯ 60ನೇ ಸೆಕ್ಷನ್ ಬೇರೆ ದಾರಿ ಹಿಡಿದಿದೆ. ಕೆಲಸ ಕೊಡ್ತೀವಿ ಅಂತ ಹೇಳುವ ಮೊದಲು, ಕೆಲವು ವಿನಾಯಿತಿ ಬಿಟ್ಟು, ಆರೋಗ್ಯ, ಅಂಗವೈಕಲ್ಯದ ಬಗ್ಗೆ ಕೇಳುವಂತೆಯೇ ಇಲ್ಲ.

ನಮ್ಮಲ್ಲಿ 1991ರ ಆ ತೀರ್ಪು ಒಂದು ಸಾರ್ವಜನಿಕ ಸಂಸ್ಥೆಯ ಒಂದು ಫಾರಂಗೆ ಸಂಬಂಧಿಸಿದ್ದು. ಖಾಸಗಿ ಕಂಪನಿಯ ಗೇಟಿನ ಹತ್ತಿರ ಅದು ಎಷ್ಟು ಕೆಲಸ ಮಾಡುತ್ತೆ ಅನ್ನುವುದು 2024ರಲ್ಲಿ ಗೊತ್ತಾಯಿತು. ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನ ಫಾಕ್ಸ್‌ಕಾನ್ ಐಫೋನ್ ಕಾರ್ಖಾನೆಯಲ್ಲಿ ಮದುವೆಯಾದ ಹೆಣ್ಣುಮಕ್ಕಳನ್ನು ಜೋಡಣೆ ಕೆಲಸಕ್ಕೆ ತೆಗೆದುಕೊಳ್ಳುತ್ತಿಲ್ಲ ಅಂತ ಜೂನ್‌ನಲ್ಲಿ ರಾಯಿಟರ್ಸ್ ತನಿಖಾ ವರದಿ ಮಾಡಿತು. ಕೇಂದ್ರ ಕಾರ್ಮಿಕ ಸಚಿವಾಲಯ 1976ರ ಕಾಯ್ದೆಯನ್ನು ನೆನಪಿಸಿ ತಮಿಳುನಾಡಿನಿಂದ ವರದಿ ಕೇಳಿತು. ಹೊಸದಾಗಿ ಸೇರಿದವರಲ್ಲಿ ಶೇ 25ರಷ್ಟು ಮದುವೆಯಾದವರೇ ಇದ್ದಾರೆ, ಲೋಹದ ಆಭರಣ ಹಾಕಬಾರದು ಅನ್ನುವುದು ಎಲ್ಲರಿಗೂ ಅನ್ವಯವಾಗುವ ಸುರಕ್ಷತಾ ನಿಯಮ ಅಂತ ಕಂಪನಿ ಸರ್ಕಾರಕ್ಕೆ ಉತ್ತರ ಕೊಟ್ಟಿತು. ಅದೇ ವರ್ಷ ನವೆಂಬರ್‌ನಲ್ಲಿ ಬಂದ ಇನ್ನೊಂದು ವರದಿಯ ಪ್ರಕಾರ, ಜಾಹೀರಾತಿನಲ್ಲಿ ವಯಸ್ಸು, ಲಿಂಗ, ಮದುವೆಯ ವಿಷಯ ಬರೆಯಬೇಡಿ ಅಂತ ಆಳು ಒದಗಿಸುವ ಏಜೆನ್ಸಿಗಳಿಗೆ ಹೇಳಲಾಯಿತು. ಜಾಹೀರಾತು ಸರಿಯಾಯಿತು ಅಂತಲೇ ಇಟ್ಟುಕೊಳ್ಳೋಣ. ಕಾಲುಂಗುರ, ತಾಳಿ ನೋಡಿ ವಾಪಸ್ ಕಳಿಸುವುದಕ್ಕೆ ಜಾಹೀರಾತು ಬೇಕಾಗಿಲ್ಲವಲ್ಲ.

ಇದು ದೂರದ ತಮಿಳುನಾಡಿನ ಸುದ್ದಿ ಅಂತ ಓದಬೇಡಿ. ಅದೇ ಕಂಪನಿಯ ದೊಡ್ಡ ಘಟಕ ಈಗ ದೇವನಹಳ್ಳಿ ಬಳಿ ಇದೆ. ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿಳಿಯುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಗಾರ್ಮೆಂಟ್ಸ್ ಬಿಟ್ಟರೆ ಇಂಥ ಎಲೆಕ್ಟ್ರಾನಿಕ್ಸ್ ಜೋಡಣೆ ಘಟಕಗಳೇ ಹೊಸ ದಾರಿ.

ಮಾಲೀಕರ ವಾದವನ್ನೂ ಕೇಳಬೇಕು. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಒಳ್ಳೇದೇ. ಆದರೆ ಇಎಸ್‌ಐ ವ್ಯಾಪ್ತಿಗೆ ಬಾರದ ಕಡೆ ಆ ಸಂಬಳದ ಹೊರೆ ಪೂರ್ತಿ ಮಾಲೀಕರ ತಲೆ ಮೇಲೆ. ಕರ್ನಾಟಕ ಸರ್ಕಾರ 2025ರಲ್ಲಿ ಖಾಸಗಿ ವಲಯಕ್ಕೂ ಅನ್ವಯಿಸುವಂತೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ತಂದಾಗಲೂ ‘ಹಾಗಾದ್ರೆ ಹುಡುಗೀರನ್ನ ಯಾರ್ ತಗೋತಾರೆ?’ ಅನ್ನುವ ಮಾತು ಕೇಳಿಬಂತು. ಹಕ್ಕು ಕೊಟ್ಟು, ಆ ಹಕ್ಕಿನ ಖರ್ಚನ್ನು ಒಬ್ಬ ಮಾಲೀಕನ ಮೇಲೆ ಹಾಕಿ, ಕೆಲಸಕ್ಕೆ ತೆಗೆದುಕೊಳ್ಳುವಾಗ ಏನು ಬೇಕಾದರೂ ಕೇಳಬಹುದು ಅಂತ ಬಿಟ್ಟರೆ, ಅವನು ಸಹಜವಾಗಿ ಮೊದಲು ಕೇಳುವುದೇ ‘ಮದುವೆ ಯಾವಾಗ?’ ಅಂತ. ಹೆರಿಗೆ ಖರ್ಚನ್ನು ಸರ್ಕಾರ ಹಂಚಿಕೊಳ್ಳಲಿ ಅನ್ನುವ ಬೇಡಿಕೆ ಸರಿಯಾದದ್ದು. ಅದು ಬರುವವರೆಗೂ ಹುಡುಗಿಯರು ಕಾಯಲಿ ಅನ್ನುವುದು ಮಾತ್ರ ಸರಿಯಲ್ಲ.

‘ಫ್ಯಾಮಿಲಿ ಬ್ಯಾಕ್‌ಗ್ರೌಂಡ್’ ಅನ್ನುವ ಸಭ್ಯ ಹೆಸರು

ನಗರದ ಸಂದರ್ಶನಗಳಲ್ಲಿ ‘ಯಾರ ಪೈಕಿ’ ಅಂತ ಯಾರೂ ಕೇಳಲ್ಲ. ಅಲ್ಲಿ ಅದರ ಹೆಸರು ‘ಫ್ಯಾಮಿಲಿ ಬ್ಯಾಕ್‌ಗ್ರೌಂಡ್’. ಇಂಜಿನಿಯರಿಂಗ್ ಕೊನೇ ವರ್ಷದ ಕ್ಯಾಂಪಸ್ ಸಂದರ್ಶನದಲ್ಲಿ, ಕೋಡಿಂಗ್ ಸುತ್ತು ದಾಟಿ ಎಚ್‌ಆರ್ ಸುತ್ತಿಗೆ ಬಂದಾಗ ನನಗೂ ಕೇಳಿದ್ದರು. ಅಪ್ಪ ಏನು ಮಾಡ್ತಾರೆ, ಅವರು ಎಲ್ಲಿವರೆಗೆ ಓದಿದ್ದಾರೆ, ಮನೆಯಲ್ಲಿ ಇಂಗ್ಲಿಷ್ ಮಾತಾಡ್ತೀರಾ. ಡೇಟಾ ಸ್ಟ್ರಕ್ಚರ್‌ಗೂ ಅಪ್ಪನ ಓದಿಗೂ ಏನು ಸಂಬಂಧ ಅಂತ ಆಗ ಹೊಳೆಯಲೂ ಇಲ್ಲ. ಚೆನ್ನಾಗಿ ಉತ್ತರ ಕೊಡಬೇಕು ಅನ್ನುವುದೊಂದೇ ತಲೆಯಲ್ಲಿತ್ತು.

ಈ ಪ್ರಶ್ನೆಯ ಬಗ್ಗೆ ಸಂಶೋಧನೆ ಆಗಿದೆ. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ದೆಹಲಿ ಭಾಗದ 25 ಎಚ್‌ಆರ್ ಮ್ಯಾನೇಜರ್‌ಗಳನ್ನು ಮಾತಾಡಿಸಿ 2007ರಲ್ಲಿ ಬರೆದ ಪ್ರಬಂಧ ಓದಿ. ನಾವು ಜಾತಿ ನೋಡಲ್ಲ, ಮೆರಿಟ್ ಮಾತ್ರ ಅನ್ನುವವರೇ, ಅದೇ ಉಸಿರಿನಲ್ಲಿ ಕುಟುಂಬದ ಹಿನ್ನೆಲೆ ಬಹಳ ಮುಖ್ಯ ಅನ್ನುತ್ತಾರೆ. ಅದೇ ವರ್ಷ ಪ್ರಕಟವಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅಧ್ಯಯನದಲ್ಲಿ ಸಂದರ್ಶನದವರೆಗೂ ಹೋಗಬೇಕಾಗಲಿಲ್ಲ. 548 ಜಾಹೀರಾತುಗಳಿಗೆ 4,808 ಅರ್ಜಿ ಹೋದವು. ಓದು, ಅನುಭವ ಒಂದೇ ಮಟ್ಟದ್ದು, ಹೆಸರು ಮಾತ್ರ ಬೇರೆ. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಮೂರರಲ್ಲಿ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದರಷ್ಟು ಇತ್ತು.

ಹೆಸರೇ ಇಷ್ಟು ಹೇಳುತ್ತೆ ಅಂದಮೇಲೆ ಪ್ರಶ್ನೆ ನಿಷೇಧಿಸಿ ಏನು ಪ್ರಯೋಜನ ಅಂತ ಕೇಳಬಹುದು. ನಮ್ಮ ಕಡೆ ಎಷ್ಟೋ ಹೆಸರುಗಳು ಏನನ್ನೂ ಹೇಳುವುದಿಲ್ಲ ಅನ್ನುವುದೇ ಅದಕ್ಕೆ ಉತ್ತರ. ಬಸವರಾಜ, ಹನುಮಂತಪ್ಪ, ದುರುಗಮ್ಮ ಅನ್ನುವ ಹೆಸರುಗಳು ನಾಲ್ಕಾರು ಜಾತಿಗಳಲ್ಲಿವೆ. ಕೊಟ್ರೇಶ ಅನ್ನುವ ಹೆಸರು ಕೊಟ್ಟೂರಿನ ಸುತ್ತ ಯಾವ ಕೇರಿಯಲ್ಲಿ ಇಲ್ಲ ಹೇಳಿ? ಹೆಸರಿನಲ್ಲಿ ಜಾತಿ ಸಿಗದ ಕಾರಣಕ್ಕೇ ‘ಯಾರ ಪೈಕಿ’ ಅನ್ನುವ ಪ್ರಶ್ನೆ ಇಲ್ಲಿ ಅಷ್ಟು ಕೆಲಸ ಮಾಡುತ್ತಿರುವುದು. ಆ ಪ್ರಶ್ನೆ ತೆಗೆದರೆ ಕೇಳುವವರ ಕೈಯಿಂದ ಒಂದು ಸಾಧನ ನಿಜಕ್ಕೂ ಹೋಗುತ್ತೆ.

ಅಪ್ಪನ ಹೆಸರು

ಈ ಐದು ತಾಲ್ಲೂಕುಗಳಲ್ಲಿ ಎಲ್ಲಕ್ಕಿಂತ ಭಾರವಾದ ಪ್ರಶ್ನೆ ಜಾತಿಯದ್ದಲ್ಲ, ಮದುವೆಯದ್ದೂ ಅಲ್ಲ. ‘ಅಪ್ಪನ ಹೆಸರೇನು?’

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಬೆಟ್ಟ ನೆನೆಸಿಕೊಂಡರೆ ಸಾಕು, ಯಾಕೆ ಅಂತ ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ದೇವರ ಹೆಸರಿನಲ್ಲಿ ಮುತ್ತು ಕಟ್ಟುವ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಲ್ಲಿ ನಿಷೇಧಿಸಿತು. 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡ ದೇವದಾಸಿ ಮಹಿಳೆಯರು ಒಟ್ಟು 46,660. ಬಹುಪಾಲು ಪರಿಶಿಷ್ಟ ಜಾತಿಯವರು. ಅಖಂಡ ಬಳ್ಳಾರಿ ಜಿಲ್ಲೆಯ ಪಾಲು ಅದರಲ್ಲಿ ದೊಡ್ಡದು. ಆ ತಾಯಂದಿರ ಮಕ್ಕಳಲ್ಲಿ ಅನೇಕರು ಈಗ ಇಪ್ಪತ್ತರ, ಮೂವತ್ತರ ವಯಸ್ಸಿನವರು. ಓದಿದ್ದಾರೆ. ಬಿಎ, ಬಿಎಡ್, ನರ್ಸಿಂಗ್, ಐಟಿಐ ಮಾಡಿದ್ದಾರೆ. ಅವರ ಮುಂದೆ ಆ ಜೆರಾಕ್ಸ್ ಅಂಗಡಿಯ ಬಯೋಡೇಟಾದ ಎರಡನೇ ಸಾಲು ಇಟ್ಟು ನೋಡಿ.

ಖಾಲಿ ಬಿಟ್ಟರೆ ‘ಯಾಕೆ ಬಿಟ್ಟಿದ್ದೀಯಾ?’ ಅಮ್ಮನ ಹೆಸರು ಬರೆದರೆ ‘ಅಪ್ಪ ಇಲ್ವಾ? ತೀರಿಕೊಂಡ್ರಾ?’ ಹೌದು ಅಂದರೆ ಸುಳ್ಳಾಗುತ್ತೆ, ಇಲ್ಲ ಅಂದರೆ ಮುಂದಿನ ಪ್ರಶ್ನೆ ಬರುತ್ತೆ. ಜಾತಿ, ತಾಯಿಯ ಗತಕಾಲ, ಮನೆಯ ಬಡತನ ಎಲ್ಲವೂ ಈ ಒಂದೇ ಉತ್ತರದಲ್ಲಿ ಬಯಲಾಗುತ್ತೆ. ಅಷ್ಟೇ ಅಲ್ಲ, ಊರು ಸಣ್ಣದು. ಸಂದರ್ಶನ ಮಾಡಿದವರು ಸಂಜೆ ಇನ್ನೊಬ್ಬರ ಹತ್ತಿರ ಮಾತಾಡ್ತಾರೆ. ಕೆಲಸ ಸಿಕ್ಕರೂ ಈ ವಿಷಯ ಆ ಕಚೇರಿಯಲ್ಲಿ ಅವರಿಗಿಂತ ಮೊದಲೇ ಬಂದು ಕೂತಿರುತ್ತೆ.

ದೇಶ ಈ ಪ್ರಶ್ನೆಯನ್ನು ಬೇರೆ ಕಡೆ ಆಗಲೇ ಬಿಟ್ಟುಕೊಟ್ಟಿದೆ. ಮದುವೆಯಾಗದ ತಾಯಿ ತಂದೆಯ ಹೆಸರು ಬಹಿರಂಗಪಡಿಸದೆಯೂ ಮಗುವಿನ ಪೋಷಕಿಯಾಗಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. 2016ರ ಡಿಸೆಂಬರ್‌ನಿಂದ ಪಾಸ್‌ಪೋರ್ಟ್ ಅರ್ಜಿಗೆ ತಂದೆ, ತಾಯಿ ಇಬ್ಬರಲ್ಲಿ ಒಬ್ಬರ ಹೆಸರು ಸಾಕು. ಕರ್ನಾಟಕ ವಿಧಾನಮಂಡಲ 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆ ಈ ಮಕ್ಕಳನ್ನು ಕಾನೂನುಬದ್ಧ ಮಕ್ಕಳೆಂದು ಪರಿಗಣಿಸುತ್ತದೆ, ಬಯಸಿದರೆ ತಂದೆಯನ್ನು ಗುರುತಿಸುವ ಹಕ್ಕು ಕೊಡುತ್ತದೆ, ಜೊತೆಗೆ ಅರ್ಜಿ, ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯ ಅನ್ನುವುದನ್ನು ತೆಗೆಯುತ್ತದೆ. ಹೋರಾಟಗಾರರು ಮತ್ತು ಈ ಮಕ್ಕಳೇ ಎಷ್ಟೋ ವರ್ಷ ಕೇಳಿ ಪಡೆದದ್ದು ಇದು.

ಪಾಸ್‌ಪೋರ್ಟ್ ಕೊಡಲು ಭಾರತ ಸರ್ಕಾರಕ್ಕೆ ಅಪ್ಪನ ಹೆಸರು ಬೇಡ. ಎಂಟು ಸಾವಿರ ಸಂಬಳದ ರಿಸೆಪ್ಷನಿಸ್ಟ್ ಕೆಲಸಕ್ಕೆ ಮಾತ್ರ ಬೇಕು!

ಹಾಗಾದರೆ 371ಜೆ?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಬರುತ್ತೆ, ಅದೂ ನಮ್ಮ ಭಾಗದವರಿಂದಲೇ. ಜಾತಿ ಕೇಳಬಾರದು, ಊರು ಕೇಳಬಾರದು ಅಂದರೆ ಮೀಸಲಾತಿ ಏನಾಗಬೇಕು, 371ಜೆ ಏನಾಗಬೇಕು? 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಕೂಡ್ಲಿಗಿ ಮತ್ತು ಹರಪನಹಳ್ಳಿಯನ್ನು ಹಾಕಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿದ್ದ ಹರಪನಹಳ್ಳಿ 371ಜೆ ಸೌಲಭ್ಯಕ್ಕಾಗಿ ಹೋರಾಡಿ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ‘ನಿಮ್ಮದು ಯಾವ ಊರು’ ಅನ್ನುವ ಪ್ರಶ್ನೆಗೆ ಉತ್ತರವಾಗಿ ಪ್ರಮಾಣಪತ್ರ ಪಡೆಯಲು ಇಡೀ ತಾಲ್ಲೂಕು ವರ್ಷಗಟ್ಟಲೆ ಬೀದಿಗಿಳಿದಿತ್ತು. ಅಂಥ ಪ್ರಶ್ನೆ ಕೆಟ್ಟದ್ದು ಹೇಗಾಗುತ್ತೆ?

ಆ ಪ್ರಶ್ನೆ ಯಾರು, ಯಾವಾಗ, ಹೇಗೆ ಕೇಳುತ್ತಾರೆ ನೋಡಿ. ಮೀಸಲಾತಿಯಲ್ಲಿ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ, 371ಜೆಗೆ ಉಪವಿಭಾಗಾಧಿಕಾರಿ ಕೊಟ್ಟ ಅರ್ಹತಾ ಪತ್ರ, ಎರಡನ್ನೂ ಅರ್ಜಿಯ ಜೊತೆ ಕಾಗದದ ಮೇಲೆ ಕೇಳುತ್ತಾರೆ. ಎಷ್ಟು ಹುದ್ದೆ ಯಾರಿಗೆ ಅನ್ನುವುದು ಮೊದಲೇ ಪ್ರಕಟವಾಗಿರುತ್ತೆ. ತಪ್ಪಾದರೆ ಪ್ರಶ್ನಿಸಲು ಪಟ್ಟಿ ಇರುತ್ತೆ, ನ್ಯಾಯಮಂಡಳಿ ಇರುತ್ತೆ. ಒಳಗೆ ಕರೆದುಕೊಳ್ಳಲು ಕೇಳುವ ಪ್ರಶ್ನೆ ಅದು, ಹಾಗಾಗಿ ಅದನ್ನು ಬಚ್ಚಿಡಬೇಕಿಲ್ಲ. ಹೊರಗಿಡಲು ಕೇಳುವ ಪ್ರಶ್ನೆ ಯಾವತ್ತೂ ಬಾಯಿಮಾತಿನಲ್ಲೇ ಇರುತ್ತೆ, ದಾಖಲೆ ಇಲ್ಲದೆ. ಸರ್ಕಾರಿ ನೇಮಕಾತಿಯಲ್ಲೂ ಸಂದರ್ಶನದ ಕೋಣೆಯೇ ಅನುಮಾನದ ಜಾಗ ಅಂತ ಗೊತ್ತಾಗಿದ್ದರಿಂದಲೇ ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳ ಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಕೆಪಿಎಸ್‌ಸಿಯಲ್ಲೂ ಗೆಜೆಟೆಡ್ ಹುದ್ದೆಗಳ ಸಂದರ್ಶನಕ್ಕಿದ್ದ ಅಂಕಗಳನ್ನು ಇಳಿಸಲಾಗಿದೆ.

ಖಾಸಗಿಯವರಿಗೂ ಕುಟುಂಬದ ವಿವರ ಬೇಕಾಗುವ ಸಂದರ್ಭ ಇದೆ. ಪಿಎಫ್ ನಾಮಿನಿ, ಇಎಸ್‌ಐ ಕಾರ್ಡಿಗೆ ಅವಲಂಬಿತರ ಹೆಸರು, ಗ್ರಾಚ್ಯುಟಿ. ಇವೆಲ್ಲ ಕೆಲಸಕ್ಕೆ ಸೇರಿದ ಮೇಲಿನ ಕಾಗದಗಳು. ನೇಮಕಾತಿ ಪತ್ರ ಕೈಗೆ ಬಂದ ಮೇಲೆ ಕೇಳಲಿ, ಯಾರ ತಕರಾರೂ ಇಲ್ಲ. ಅದಕ್ಕಿಂತ ಮೊದಲು ಕೇಳಿದ್ದೇ ತಪ್ಪು ಅಂತ ಕಾನೂನು ಬರೆಯುವುದು ಕಷ್ಟದ ಕೆಲಸವಲ್ಲ. ಆಗ ‘ಜಾತಿ ನೋಡಿ ಬಿಟ್ಟರು’ ಅಂತ ಸಾಬೀತು ಮಾಡಬೇಕಿಲ್ಲ, ‘ಕೇಳಿದರು’ ಅಂತ ತೋರಿಸಿದರೆ ಸಾಕು. ಫಾರಂ ಇರುತ್ತೆ, ವಾಟ್ಸಾಪ್ ಮೆಸೇಜ್ ಇರುತ್ತೆ, ಜೊತೆಯಲ್ಲಿ ಕಾಯುತ್ತಿದ್ದ ಇನ್ನೂ ನಾಲ್ಕು ಜನ ಇರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇದಕ್ಕೆ ಸಾಕಾಗಲ್ವಾ ಅಂತ ಗೆಳೆಯರೊಬ್ಬರು ಕೇಳಿದರು. ಹೆಸರಲ್ಲೇ ಇದೆಯಲ್ಲ, ಅದು ಡಿಜಿಟಲ್. ಮೇಜಿನ ಮೇಲಿನ ಕಾಗದದ ಬಯೋಡೇಟಾ, ಬಾಯಿಮಾತಿನ ‘ಯಾರ ಪೈಕಿ’ ಅದರ ಕೈಗೆ ಸಿಗುವುದಿಲ್ಲ.

ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯವೂ ಕಾನೂನು ಮಾಡಬಹುದು. ಗಿಗ್ ಕಾರ್ಮಿಕರಿಗೆ 2025ರಲ್ಲಿ ಕಾಯ್ದೆ ತಂದ ಸರ್ಕಾರಕ್ಕೆ ಇದು ಹೊಸ ಪಾಠವೇನಲ್ಲ. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಯನ್ನು ಸಂಪುಟದಲ್ಲಿ ಒಪ್ಪಿ, ಉದ್ಯಮಿಗಳು ಗದ್ದಲ ಮಾಡುತ್ತಿದ್ದಂತೆ ತಡೆಹಿಡಿದ ಸರ್ಕಾರವೂ ಇದೇ. ಹಾಗಾಗಿ ನನಗೆ ದೊಡ್ಡ ಭರವಸೆ ಇಲ್ಲ. ಆದರೆ ಕಾಯ್ದೆಗೆ ಕಾಯದೆ, ಉದ್ಯಮಿಗಳ ಅಪ್ಪಣೆ ಕೇಳದೆ, ಒಂದು ಆದೇಶದಲ್ಲಿ ಮಾಡಬಹುದಾದ ಕೆಲಸ ಒಂದಿದೆ.

ತಾಲ್ಲೂಕು ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ, ಹಾಸ್ಟೆಲ್ ಅಡುಗೆಯವರು, ಡೇಟಾ ಎಂಟ್ರಿ ಆಪರೇಟರ್, ವಾಹನ ಚಾಲಕರು, ಸೆಕ್ಯೂರಿಟಿ ಗಾರ್ಡ್, ಇಂಥ ಎಷ್ಟೋ ಕೆಲಸ ಈಗ ಹೊರಗುತ್ತಿಗೆಯಲ್ಲಿ ನಡೆಯುತ್ತಿದೆ. ಕೆಲಸ ಸರ್ಕಾರದ್ದು, ಆಳು ಆರಿಸುವುದು ಟೆಂಡರ್ ಹಿಡಿದ ಏಜೆನ್ಸಿ. ನಮ್ಮ ಐದು ತಾಲ್ಲೂಕುಗಳಲ್ಲಿ ಡಿಗ್ರಿ ಮುಗಿಸಿ ಊರಲ್ಲೇ ಉಳಿಯಬೇಕೆನ್ನುವವರಿಗೆ ಕೈಗೆಟುಕುವ ಕೆಲಸ ಹೆಚ್ಚಾಗಿ ಇದೇ. 2024ರ ಮೇ ತಿಂಗಳಲ್ಲಿ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು ಅಂತ ಆದೇಶ ಹೊರಡಿಸಿತು, ಮಹಿಳೆಯರಿಗೆ ಶೇ 33. ಟೆಂಡರ್ ಷರತ್ತಿನ ಮೂಲಕ ಏಜೆನ್ಸಿಗಳನ್ನು ಬಗ್ಗಿಸಬಹುದು ಅಂತ ಸರ್ಕಾರಕ್ಕೆ ಗೊತ್ತಿದೆ ಅಂತಾಯಿತು.

ಅದೇ ಟೆಂಡರ್‌ನಲ್ಲಿ ಇನ್ನೂ ಎರಡು ಷರತ್ತು ಸೇರಿಸಲಿ. ಮೀಸಲಾತಿಗೆ ಬೇಕಾದ ಜಾತಿ ಪ್ರಮಾಣಪತ್ರ ಪ್ರತ್ಯೇಕ ಲಕೋಟೆಯಲ್ಲಿ ಇಲಾಖೆಗೆ ಹೋಗಲಿ, ಸಂದರ್ಶನ ಮಾಡುವವರ ಮೇಜಿಗೆ ಬರುವುದು ಬೇಡ. ಅರ್ಜಿ ನಮೂನೆಯನ್ನು ಇಲಾಖೆಯೇ ಅಚ್ಚು ಹಾಕಿ ಕೊಡಲಿ. ಅದರಲ್ಲಿ ತಂದೆಯ ಹೆಸರು, ಧರ್ಮ, ಮದುವೆಯ ಕಾಲಂ ಇರದಿರಲಿ, ಇವನ್ನು ಬಾಯಿಮಾತಿನಲ್ಲಿ ಕೇಳಿದ ಏಜೆನ್ಸಿಯ ಠೇವಣಿ ಮುಟ್ಟುಗೋಲಾಗಲಿ. ದೂರು ಕೊಡಲು ಹೊಸಪೇಟೆಯ ಜಿಲ್ಲಾ ಕಚೇರಿವರೆಗೆ ಬಸ್ ಹತ್ತಿಸಬೇಡಿ, ತಾಲ್ಲೂಕು ಕಚೇರಿಯಲ್ಲೇ ತೆಗೆದುಕೊಳ್ಳಿ. ಹಡಗಲಿಯ ಹಾಸ್ಟೆಲ್ ಅಡುಗೆಮನೆಗೆ ಸಹಾಯಕಿ ಬೇಕಾದಾಗ, ಅರ್ಜಿ ಹಾಕಿದ ಹೆಣ್ಣುಮಗಳನ್ನು ಎಷ್ಟು ಜನಕ್ಕೆ ಅಡುಗೆ ಮಾಡಿ ಗೊತ್ತು ಅಂತ ಕೇಳಲಿ. ಈ ಭಾಗದ ಯಾವ ಶಾಸಕರಾದರೂ ಬರುವ ಅಧಿವೇಶನದಲ್ಲಿ ಇದೊಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಬಹುದು. ಸದ್ಯಕ್ಕೆ, ನಿಮ್ಮನ್ನು ಯಾರಾದರೂ ಹಾಗೆ ಕೇಳಿದರೆ, ಹೊರಗೆ ಬಂದ ತಕ್ಷಣ ದಿನಾಂಕ, ಸಮಯ, ಕೇಳಿದವರ ಹುದ್ದೆ, ಕೇಳಿದ ಮಾತು ಹಾಗೇ ಬರೆದು ನಿಮಗೆ ನೀವೇ ಒಂದು ಇಮೇಲ್ ಹಾಕಿಕೊಳ್ಳಿ. ದಾಖಲೆ ಇಲ್ಲದ ಪ್ರಶ್ನೆಗೆ ಅದು ಮೊದಲ ದಾಖಲೆ.